ಕಲಾಯಿ ಒಲೆಯಲ್ಲಿ ಸೀಸ

ಗುಂಡ್ಲುಪೇಟೆಯ ಮಲ್ಲಿಕಾರ್ಜುನಸ್ವಾಮಿಯ ಬ್ಯಾಟರಿ ಅಂಗಡಿಯ ಮೇಲೆ ಹಸಿರು ಬೋರ್ಡು: ‘ಹಳೇ ಬ್ಯಾಟರಿ ನಮಗೆ ಕೊಡಿ, ಭೂಮಿ ಉಳಿಸಿ.’ ಭೂಮಿ ಉಳಿಸುವ ಮಹಾನುಭಾವ! ಕಂಪನಿಗೆ ವಾಪಸು ಹೋಗಬೇಕಾದ ಬ್ಯಾಟರಿಗಳಲ್ಲಿ ನಾಲ್ಕನ್ನು ತೋರಿಕೆಗೆ ಲಾರಿ ಹತ್ತಿಸಿ, ಉಳಿದವನ್ನು ಹಿತ್ತಲಲ್ಲಿ ಒಡೆಸಿ, ಒಳಗಿನ ಸೀಸವನ್ನು ಪಕ್ಕದ ಬೀದಿಯ ರಜಾಕನ ಮನೆಗೆ ಸಾಗಿಸುತ್ತಿದ್ದ. ರಜಾಕ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು. ಸ್ಟೀಲು ಬಂದ ಮೇಲೆ ಕಸುಬು ಮೂಲೆ ಸೇರಿತ್ತು. ಸೀಸ ಕರಗಿಸಿ ಗಟ್ಟಿ ಮಾಡಿಕೊಡು, ಮಾರಿಕೊಳ್ಳುತ್ತೇನೆ ಎಂದು ಸ್ವಾಮಿ ಹೇಳಿದಾಗ, ಅಂಗಳದ ಒಲೆ ಮತ್ತೆ ಉರಿಯುತ್ತದಲ್ಲ ಎಂಬುದೇ ಅವನಿಗೆ ಹಿಗ್ಗು.

ಅವನ ಹೆಂಡತಿ ರಹಮತ್ ಬಿಗೆ ಆ ಹೊಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಮನೆಯ ಪಾತ್ರೆಗೆ ಬಳಿಯುವ ತವರ ಕರಗಿಸುವ ಸೌಟಿನಲ್ಲೇ ಸೀಸವೂ ಕರಗುತ್ತಿತ್ತು. ಕೇಳಿದರೆ, ಬೆಂಕಿಯಲ್ಲಿ ಕೆಂಪಗೆ ಕಾದ ಸೌಟಿಗೆ ಯಾವ ಕೊಳೆ ಅಂಟೀತು ಎಂದು ರಜಾಕ ನಗುತ್ತಿದ್ದ. ಅಪ್ಪನ ಕಾಲದಿಂದ ಬಂದ ನಂಬಿಕೆ ಅದು.

ಮೊಮ್ಮಗಳು ಜೋಯಾ ಹೊಟ್ಟೆನೋವೆಂದು ಮುದುಡಿಕೊಳ್ಳತೊಡಗಿದಳು. ಕಲಿತಿದ್ದ ಮಾತೂ ಮರೆಯತೊಡಗಿತು. ದೃಷ್ಟಿ ತೆಗೆಸಿದ್ದಾಯಿತು, ಜಂತುಹುಳದ ಔಷಧಿ ಕುಡಿಸಿದ್ದಾಯಿತು. ಕೊನೆಗೆ ಚಾಮರಾಜನಗರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮಗುವಿನ ಮೈಗೆ ಸೀಸ ಸೇರಿದೆ, ಮೊದಲು ಅದನ್ನು ಮನೆಯಿಂದ ಆಚೆ ಹಾಕಿ, ಆದರೂ ಮರೆತ ಮಾತೆಲ್ಲ ವಾಪಸು ಬರುತ್ತದೆಂದು ಹೇಳಲಾರೆ ಎಂದರು. ವಾಪಸು ಬರುವ ಬಸ್ಸಿನಲ್ಲಿ ರಹಮತ್ ಬಿಗೆ ರಜಾಕನ ಮೇಲೆ ಸಿಟ್ಟು ಉಕ್ಕುತ್ತಿತ್ತು. ಆ ಪಾತ್ರೆಯಲ್ಲಿ ಕೈಯಾರೆ ಬೇಯಿಸಿ ಉಣ್ಣಿಸಿದ್ದು ನೆನೆದರೆ ತನ್ನ ಮೇಲೆ ಇನ್ನೂ ಹೆಚ್ಚು.

ಮರುದಿನ ಉಳಿದ ಸೀಸವನ್ನೆಲ್ಲ ಚೀಲಕ್ಕೆ ತುಂಬಿ, ತಳ್ಳುಗಾಡಿಯಲ್ಲಿ ತಂದು ಸ್ವಾಮಿಯ ಅಂಗಡಿ ಬಾಗಿಲಲ್ಲಿ ಕೆಡವಿದಳು. ಬಾಯಿಗೆ ಬಂದಂತೆ ಬೈದಳು.

“ಬುಡಿ ರಹಮತಮ್ಮ, ಬ್ಯಾಡ ಅಂದ್ರೆ ಬ್ಯಾಡ. ಭೀಮನಬೀಡು ಊರಿನ ಚಿಕ್ಕಬಸವಯ್ಯ ಈ ಸೀಸ ಕೇಳ್ತಾವ್ನೆ. ಅವನ ಹಿತ್ಲಲ್ಲೂ ಒಲೆ ಅದೆ.”

“ಅವನ ಮನೇಲಿ ಮಕ್ಳು ಇದಾವಾ ಸ್ವಾಮಣ್ಣ?”

“ಮಕ್ಳು ಯಾರ ಮನೇಲಿಲ್ಲ?”

ರಹಮತ್ ಬಿ ಚೀಲದ ಮೇಲೆಯೇ ಕುಕ್ಕರಿಸಿದಳು. ಇದು ಕಂಪನಿಗೆ ಹೋಗುವ ತನಕ ಏಳುವುದಿಲ್ಲ ಎಂದಳು. ಗಿರಾಕಿಗಳು ಅವಳನ್ನು ಸುತ್ತಿ ಬಳಸಿ ಒಳಗೆ ಹೋದರು. ಸ್ವಾಮಿ ಜಗಳಕ್ಕೆ ನಿಲ್ಲಲಿಲ್ಲ. ಅವಳಿಗೊಂದು ಟೀ ತರಿಸಿಕೊಟ್ಟು, ಫೋನು ಕಿವಿಗಿಟ್ಟು, ಅವಳೆದುರಿಗೇ ಹೇಳಿದ:

“ಚಿಕ್ಕಬಸವಯ್ಯ, ಈಗ ಬ್ಯಾಡ ಕಣ್ಲಾ. ಸಂಜೆಗೆ ಆಟೊ ತಕ್ಕೊಂಡು ಬಾ, ಈಯಮ್ಮ ಎದ್ದೋದ ಮೇಲೆ.”