ಬಸ್ಸಿಲ್ಲದ ಚೌಕಾಬಾರ

ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಶೇಷಪ್ಪಗೌಡರಿಗೆ ಮೊಮ್ಮಗಳನ್ನು ನೋಡಬೇಕೆಂದರೆ ಇದ್ದದ್ದು ಒಂದೇ ದಾರಿ. ಚೌಕಾಬಾರದಲ್ಲಿ ಸೋಲಬೇಕಿತ್ತು.

ಇದೆಂಥ ಹುಚ್ಚು ಅನ್ನಿಸಿದರೆ ನೀವು ಬೀಗರ ಜಗಳ ಕಂಡವರಲ್ಲ. ಗೌಡರ ಮಗಳು ವೇದಾವತಿಯನ್ನು ತೀರ್ಥಹಳ್ಳಿಯ ನಾಗರಾಜಪ್ಪನವರ ಮನೆಗೆ ಕೊಟ್ಟಿತ್ತು. ಬಾಣಂತನ ಮುಗಿಸಿ ತಾಯಿ ಮಗುವನ್ನು ಕಳಿಸಿಕೊಟ್ಟ ಮೇಲೆ ಆ ಮನೆಯಲ್ಲಿ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡರು. ಊಟಕ್ಕೆ ಎಲೆ ಹಾಕಿದಾಗ ಗಡಿಬಿಡಿಯಲ್ಲಿ ಗೌಡರನ್ನು ಕೈಹಿಡಿದು ಕರೆಯುವವರು ಯಾರೂ ಇಲ್ಲದೆ ಅವರು ಎರಡನೇ ಪಂಕ್ತಿಯಲ್ಲಿ ಕೂರುವಂತಾಯಿತು. ಹೆಣ್ಣು ಕೊಟ್ಟವರು ಎರಡನೇ ಪಂಕ್ತಿಯಲ್ಲಿ! ಕಡುಬು ಎಲೆಗೆ ಬಿದ್ದದ್ದೇ ತಡ, ಗೌಡರು ಎದ್ದು ಹೆಗಲಿಗೆ ಶಲ್ಯ ಹಾಕಿಕೊಂಡು, "ಇನ್ನು ನೀವಾಗಿ ನಮ್ಮನೆಗೆ ಬಂದು ಕರೆಯೋ ತನಕ ಈ ಹೊಸ್ತಿಲು ತುಳಿಯೋದಿಲ್ಲ" ಎಂದು ಹೊರಟುಬಿಟ್ಟರು. ನಾಗರಾಜಪ್ಪನವರೇನು ಕಡಿಮೆಯೇ? "ಬಡಿಸಿದ ಎಲೆ ಬಿಟ್ಟು ಎದ್ದವರು ಅವರು. ಅವರೇ ಬರಲಿ" ಎಂದರು. ವೇದಾವತಿ ಅಪ್ಪನ ಮಗಳೇ. "ನಿಮ್ಮಿಬ್ಬರಿಗೂ ಬುದ್ಧಿ ಬರೋವರೆಗೆ ನಾನೂ ತವರಿಗೆ ಬರಲ್ಲ" ಎಂದು ಹೇಳಿ ಕಳಿಸಿದಳು. ಹೀಗೆ ಮೂವರ ಹಠಕ್ಕೆ ಸಿಕ್ಕಿ ತಿಂಗಳುಗಳೇ ಕಳೆದವು.

ಗೌಡರ ಹೆಂಡತಿ ದುರ್ಗಮ್ಮ ಮಾತ್ರ ಯಾರಿಗೂ ಹೇಳದೆ ಕೇಳದೆ ಬಸ್ಸು ಹತ್ತಿ ಹೋಗಿ ಬರುತ್ತಿದ್ದರು. ಬಂದವರು ಗಂಡನ ಮುಂದೆ ಬೇಕೆಂದೇ ಗೋಡೆಗೆ ಹೇಳುವವರಂತೆ ಹೇಳುತ್ತಿದ್ದರು. "ಕೂಸು ಗೋಡೆ ಹಿಡ್ಕಂಡು ನಿಲ್ತದೆ. ಹಲ್ಲು ಬಂದಾವೆ. ಅಜ್ಜ ಅನ್ನಕ್ಕೆ ಕಲ್ತದೆ. ಯಾವ ಅಜ್ಜನ್ನ ಅಂತೀರಾ? ಅಲ್ಲಿ ದಿನಾ ಕಣ್ಣೆದುರಿಗಿರೋ ಅಜ್ಜನ್ನ." ಗೌಡರು ಪೇಪರು ಓದುವವರಂತೆ ಕೂತಿರುತ್ತಿದ್ದರು. ಓದುತ್ತಿದ್ದದ್ದು ಒಂದಕ್ಷರವೂ ಇಲ್ಲ.

ಚೌಕಾಬಾರದ ಉಪಾಯ ಬಸ್ಸಿನ ಕಂಡಕ್ಟರ್ ಗಜಾನನನದು. ಅವನ ಬಸ್ಸು ಬೆಳಿಗ್ಗೆ ತೀರ್ಥಹಳ್ಳಿ ಬಿಟ್ಟು ರಿಪ್ಪನ್‌ಪೇಟೆ, ಆನಂದಪುರದ ಮೇಲೆ ಸಾಗರಕ್ಕೆ ಹೋಗಿ ಸಂಜೆ ವಾಪಸಾಗುತ್ತಿತ್ತು. ಹೋಗುವಾಗ ಈ ಬೀಗರಿಗೆ ಆ ಬೀಗರ ಕುಟುಕು ಮಾತು, ಬರುವಾಗ ಆ ಬೀಗರಿಗೆ ಈ ಬೀಗರದು. ಹೊತ್ತು ಹೊತ್ತು ಅವನಿಗೆ ರೋಸಿಹೋಗಿತ್ತು. "ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಚೌಕಾಬಾರ ಆಡಿ. ಸೋತವರು ಮೊದಲು ಹೋಗೋದು" ಎಂದು ತಮಾಷೆಗೆ ಅಂದ. ಇಬ್ಬರೂ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ.

ಆಟದ ಕ್ರಮ ಹೀಗಿತ್ತು. ಗೌಡರ ಗಿರಣಿ ಜಗಲಿಯಲ್ಲೊಂದು ಮಣೆ, ತೀರ್ಥಹಳ್ಳಿಯಲ್ಲಿ ಅಂಥದೇ ಇನ್ನೊಂದು ಮಣೆ. ಕವಡೆ ಹಾಕುವುದು ಮಾತ್ರ ಬಸ್ಸು ಬಂದು ನಿಂತಾಗ, ಗಜಾನನನ ಕಣ್ಣೆದುರಿಗೆ. ಬಿದ್ದದ್ದು ಎಷ್ಟು, ನಡೆಸಿದ್ದು ಯಾವ ಕಾಯಿ ಎಂದು ಅವನು ಆ ಊರಿಗೆ ಮುಟ್ಟಿಸಬೇಕು, ಅವರು ತಮ್ಮ ಮಣೆಯ ಮೇಲೂ ಹಾಗೇ ನಡೆಸಬೇಕು. ದಿನಕ್ಕೆ ಒಬ್ಬೊಬ್ಬರದು ಒಂದೊಂದು ಸರದಿ. ಪ್ರಯಾಣಿಕರೂ ಇಳಿದು ಬಂದು ಸುತ್ತ ನಿಲ್ಲುತ್ತಿದ್ದರು. ಬಾರ ಬಿದ್ದರೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಸಾಗರದ ಆಸ್ಪತ್ರೆಗೆ ಹೊರಟವರು ಕೂಡ "ಗೌಡರು ಹಾಕ್ಲಿ ತಡೀರಿ" ಎಂದು ನರಳುತ್ತಲೇ ಕಾಯುತ್ತಿದ್ದರು.

ಮೊದಮೊದಲು ಗೌಡರು ಗೆಲ್ಲಲೆಂದೇ ಆಡಿದರು. ಆಮೇಲೆ ಒಂದು ದಿನ ದುರ್ಗಮ್ಮ ಬಂದು, "ಕೂಸು ಕೈಬಿಟ್ಟು ಎರಡು ಹೆಜ್ಜೆ ಹಾಕ್ತು" ಎಂದು ಗೋಡೆಗೆ ಹೇಳಿದರು ನೋಡಿ, ಅವತ್ತಿನಿಂದ ಗೌಡರ ಮನಸ್ಸು ತಿರುಗಿತು. ಸೋಲಬೇಕು. ಆದರೆ ಬೇಕೆಂದು ಸೋಲುವಂತಿಲ್ಲ, ಮಾನ ಹೋಗುತ್ತದೆ. ಕವಡೆಯೇ ಸೋಲಿಸಬೇಕು. ಆಗ, "ಏನು ಮಾಡಲಿ, ಆಟದ ನಿಯಮ" ಎಂದು ಮುಖ ಸಿಂಡರಿಸಿಕೊಂಡು ಓಡಿಹೋಗಬಹುದು. ದೇವರ ದಯೆ, ಆಟವೂ ಹಾಗೇ ಸಾಗಿತು. ನಾಗರಾಜಪ್ಪನವರ ಮೂರು ಕಾಯಿ ನಡುಮನೆ ಸೇರಿ ಹಣ್ಣಾದವು. ನಾಲ್ಕನೆಯದಕ್ಕೆ ಎರಡು ಬಿದ್ದರೆ ಸಾಕು, ಆಟ ಮುಗಿಯಿತು. ಗೌಡರು ಗುಟ್ಟಾಗಿ ಬಿಳಿ ಪಂಚೆಗೆ ಇಸ್ತ್ರಿ ಹಾಕಿಸಿದರು. ಮೊಮ್ಮಗಳಿಗೆಂದು ಬೆಳ್ಳಿ ಗೆಜ್ಜೆ ತಂದು ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟರು.

ಮಾರನೇ ದಿನ ಬಸ್ಸು ಬರಲಿಲ್ಲ. ಅದು ಎಪ್ಪತ್ತೊಂಬತ್ತನೇ ಇಸವಿ. ಎಲ್ಲಿ ಕೇಳಿದರೂ ಡೀಸೆಲ್ ಇಲ್ಲ. ಬಸ್ಸು ತೀರ್ಥಹಳ್ಳಿಯಲ್ಲೇ ನಿಂತಿತು, ಗೌಡರ ಗಿರಣಿಯ ಎಂಜಿನ್ನೂ ನಿಂತಿತು. ಕೆಲಸವೂ ಇಲ್ಲ, ಆಟವೂ ಇಲ್ಲ. ಮಣೆಯ ಮೇಲೆ ಬೀಗರ ಆ ಕೊನೆಯ ಕಾಯಿ ಹಣ್ಣಿನ ಹೊಸ್ತಿಲಲ್ಲಿ ಕೂತು ಗೌಡರನ್ನು ಅಣಕಿಸುತ್ತಿತ್ತು.

ನಾಲ್ಕು ದಿನ ತಡೆದು ಗೌಡರು ಎದುರಿನ ಹೋಟೆಲಿಗೆ ಹೋಗಿ ಪ್ರಶ್ನೆ ಎತ್ತಿದರು. ಬಸ್ಸಿಲ್ಲದಿದ್ದಾಗ ಆಟ ಮುಂದುವರಿಸಬಹುದೋ ಬಾರದೋ? ಊರಿಗೂ ಬೇರೆ ಕೆಲಸವಿರಲಿಲ್ಲ. ಎರಡು ಪಕ್ಷವಾಯಿತು.

"ಎದುರಾಳಿ ಇಲ್ದೆ ಆಟ ಅಂದ್ರೆ ಎಂತದು? ಮದುವೆಗಂಡಿಲ್ದೆ ಧಾರೆ ಎರೆದಂಗೆ" ಎಂದರು ಮುಕುಂದಯ್ಯ ಮೇಷ್ಟ್ರು. "ಬೀಗರ ಕವಡೆ ನೀವೇ ಹಾಕಿದ್ರೆ ಅದು ಬೀಗರ ಕವಡೆ ಹೆಂಗಾಗ್ತದೆ? ಆಟ ಇರೋದೇ ಇಬ್ಬರ ನಡುವೆ. ಬಸ್ಸು ಬರೋತಂಕ ಕಾಯ್ಬೇಕು."

ಅಡಿಕೆ ತೋಟದ ಹೇರಂಬ ಭಟ್ಟರು ಚಾ ಲೋಟ ಕೆಳಗಿಟ್ಟು ತಮ್ಮ ಹವ್ಯಕ ಮಾತಿನಲ್ಲಿ ಕೇಳಿದರು. "ಎಂತಕ್ಕೆ ಕಾಯವು? ಎಂಗೊ ಭಟ್ರು ದಿನಾ ಪೂಜೆ ಮಾಡ್ತ್ಯ. ದೇವ್ರು ಎದುರಿಗೆ ಬಂದು ಕೂತ್ಕತ್ನ? ಇಲ್ಲೆ. ಅವಂಗೆ ನೈವೇದ್ಯ ಇಡದೂ ಎಂಗೊ, ಉಂಬದೂ ಎಂಗೊ. ಆದ್ರೂ ಪೂಜೆ ಪೂಜೆನೇ ಅಲ್ದಾ?"

"ಪೂಜೇಲಿ ಯಾರೂ ಸೋಲದಿಲ್ಲ ಭಟ್ರೇ."

"ಅದು ನಿಂಗೆ ಗೊತ್ತಿಲ್ಲೆ ಮೇಷ್ಟ್ರೇ" ಎಂದು ಭಟ್ಟರು ನಿಟ್ಟುಸಿರಿಟ್ಟರು.

ದೇವರನ್ನು ತಂದ ಮೇಲೆ ಮೇಷ್ಟ್ರ ವಾದಕ್ಕೆ ಬಲ ಸಾಲಲಿಲ್ಲ. ಕೊನೆಗೆ ಹೋಟೆಲು ಒಂದು ತೀರ್ಮಾನಕ್ಕೆ ಬಂತು. ಬಸ್ಸಿಲ್ಲದಾಗ ಆಡಬಹುದು, ಆದರೆ ಬೀಗರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಬೇಕು. ಗೌಡರಿಗೆ ಇಷ್ಟೇ ಸಾಕಾಗಿತ್ತು. ಬೀಗರ ಪರವಾಗಿ ತಾವೇ ಒಂದು ಸಲ ಎರಡು ಹಾಕಿಬಿಟ್ಟರೆ ಮುಗಿಯಿತು. ಡೀಸೆಲ್ ಬಂದ ದಿನವೇ ಹೊರಡಬಹುದು.

ಜಗಲಿಯಲ್ಲಿ ಆಚೆ ಬದಿಗೆ ಬೀಗರ ಚಾಪೆ ಹಾಸಿದ್ದಾಯಿತು. ದುರ್ಗಮ್ಮ ಗಂಡನ ಮುಖ ನೋಡಿ, ಚಾಪೆಯ ಮುಂದೆ ಕೈಕಾಲು ತೊಳೆಯಲು ತಂಬಿಗೆ ನೀರು, ಎಲೆಅಡಿಕೆ ತಟ್ಟೆ, ಕಾಫಿ ತಂದಿಟ್ಟರು. ಗೌಡರು ಈಚೆ ಕೂತು ತಮ್ಮ ಕವಡೆ ಹಾಕುವರು. ಆಮೇಲೆ ಎದ್ದು ಸುತ್ತಿ ಬಂದು, ಬೀಗರ ಚಾಪೆಯ ಮೇಲೆ ಗತ್ತಿನಿಂದ ಕೂತು, ಬೀಗರ ಕಾಫಿ ಕುಡಿದು ಬೀಗರ ಕವಡೆ ಹಾಕುವರು. ಎರಡೂ ಕಾಫಿ ಕುಡಿದು ಪಿತ್ತ ನೆತ್ತಿಗೇರಿತು.

ಎರಡು ಬೀಳಲಿಲ್ಲ. ಮೂರು ಬಿತ್ತು, ಚೌಕ ಬಿತ್ತು, ಬಾರದ ಮೇಲೆ ಬಾರ ಬಿತ್ತು. ಯಾವುದೂ ಆ ಕಾಯಿಗೆ ಬಾರದು. ಗೌಡರು ಬೀಗರಿಗೆಂದು ಕವಡೆಯನ್ನು ಹಣೆಗೊತ್ತಿಕೊಂಡು ಹಾಕಿದರು. ತಮಗೆಂದು ಎಡಗೈಯಲ್ಲಿ ಬಿಸಾಡಿದರು. ಬಿಸಾಡಿದ ಕವಡೆಗಳೇ ಬಂಗಾರವಾದವು. ನೋಡಲು ಬಂದವರು "ಗೌಡ್ರ ಅದೃಷ್ಟ ಅಂದ್ರೆ ಅದೃಷ್ಟ" ಎಂದು ಚಪ್ಪಾಳೆ ಹೊಡೆದರೆ ಗೌಡರು ಕಣ್ಣು ಕೆಕ್ಕರಿಸಿ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಗೌಡರಿಗೆ ಮೂರು ಬಿತ್ತು. ನಡೆಸಲು ಇದ್ದ ಕಾಯಿ ಒಂದೇ. ಆ ಕಾಯಿಗೆ ಮೂರು ಮನೆ ಮುಂದೆ ಕೂತಿದ್ದದ್ದು ಬೀಗರ ಕೊನೆಯ ಕಾಯಿ. ಹೊಡೆಯದೆ ಗತಿಯಿಲ್ಲ.

"ಇದೊಂದ್ಸಲ ಬಿಟ್ಟುಬಿಡಿ" ಎಂದರು ದುರ್ಗಮ್ಮ ಮೆಲ್ಲಗೆ.

"ಆಟದಲ್ಲಿ ಮೋಸ ಮಾಡ್ಲಾ? ನಾನು?"

"ಯಾರಿಗೆ ಮೋಸ? ಚಾಪೆಗಾ?"

ಗೌಡರು ಕಾಯಿ ಹೊಡೆದರು. ಹೊಡೆದು, ಎದ್ದು ಚಾಪೆಯ ಕಡೆಗೆ ಹೋಗಿ ಕೂತು, ಬೀಗರ ಪರವಾಗಿ ತಮಗೇ ಬೈದರು. "ಎಂಥ ಕಟುಕ ಮನುಷ್ಯ ನೀವು. ಮನೆ ಬಾಗಿಲಿಗೆ ಬಂದ ಕಾಯಿನೂ ಬಿಡ್ಲಿಲ್ಲ." ಸಂಜೆಯೊಳಗೆ ಗೌಡರ ನಾಲ್ಕೂ ಕಾಯಿ ಹಣ್ಣಾದವು. ಜನ ಜೈಕಾರ ಹಾಕಿ ಹೋದರು. ಗೌಡರು ಮಣೆಯನ್ನು ಹಾಗೇ ಬಿಟ್ಟು ಒಳಗೆ ಹೋಗಿ, ಅಕ್ಕಿ ಡಬ್ಬದೊಳಗೆ ಕೈ ಇಳಿಸಿ, ಗೆಜ್ಜೆ ಮುಟ್ಟಿಕೊಂಡು ಅತ್ತರು. ಗೆದ್ದು ಅತ್ತವರನ್ನು ದುರ್ಗಮ್ಮ ಅದೇ ಮೊದಲು ನೋಡಿದ್ದು. ಆದರೂ ಅವರಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದರು.

ಕೊನೆಗೂ ಒಂದು ಬೆಳಿಗ್ಗೆ ಬಸ್ಸು ಬಂತು. ಒಳಗೆ ಜಾಗವಿಲ್ಲದೆ ಜನ ಟಾಪಿನ ಮೇಲೂ ಕೂತಿದ್ದರು. ಎಲ್ಲರೂ ದುಬುದುಬು ಇಳಿದು ಗಿರಣಿ ಜಗಲಿಗೆ ಬಂದರು. ಆದರೆ ಗಜಾನನನ ಮುಖ ಪೆಚ್ಚಾಗಿತ್ತು.

"ಗೌಡ್ರೇ, ತೀರ್ಥಹಳ್ಳಿ ಮಣೆ ಹೋಯ್ತು."

"ಹೋಯ್ತು ಅಂದ್ರೆ?"

"ನಿಮ್ಮ ಮೊಮ್ಮಗಳು ಈಗ ಓಡ್ತಾಳಲ್ಲ. ಓಡಿ ಬಂದು ಮಣೆ ಮೇಲೆ ಕೂತು ಕಾಯಿ, ಕವಡೆ ಎಲ್ಲ ಕಲಸಿಬಿಟ್ಳು. ಒಂದು ಕವಡೆ ಬಾವಿಗೆ ಹಾಕಿದಾಳೆ. ಯಾವುದು ಎಲ್ಲಿತ್ತು ಅಂತ ನಾಗರಾಜಪ್ಪನವ್ರಿಗೆ ನೆನಪಿಲ್ಲ. 'ಶೇಷಪ್ಪನವ್ರ ಮಣೆ ಇದ್ಯಲ್ಲ, ಅವ್ರು ಸುಳ್ಳು ಹೇಳೋ ಆಸಾಮಿ ಅಲ್ಲ, ಅವ್ರು ಹೆಂಗೆ ಅಂತಾರೋ ಹಂಗೇ' ಅಂದ್ರು. ಹೇಳಿ, ಕಾಯಿ ಎಲ್ಲಿದಾವೆ?"

ಎಲ್ಲರ ಕಣ್ಣೂ ಮಣೆಯ ಕಡೆ ತಿರುಗಿತು. ಮಣೆಯ ಮೇಲೆ ಗೌಡರ ನಾಲ್ಕು ಕಾಯಿ ನಡುಮನೆಯಲ್ಲಿ ಮೆರೆಯುತ್ತಿದ್ದವು. ಬೀಗರದು ಮೂರೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಾಗರಾಜಪ್ಪ ಸೋತರು, ಬರಬೇಕಾದವರು ಅವರು. ಬಸ್ಸು ನಿಂತ ದಿನ ಇದ್ದಂತೆ ಹೇಳಿದರೆ ಆ ಹಾಳು ಎರಡಕ್ಕೆ ಮತ್ತೆ ಕಾಯಬೇಕು. ಎಷ್ಟು ದಿನವೋ, ಎಷ್ಟು ತಿಂಗಳೋ. ಅಷ್ಟರಲ್ಲಿ ಓಡುವ ಕೂಸು ಶಾಲೆಗೆ ಹೊರಟಿರುತ್ತದೆ. ಗೌಡರು ಕೈ ಚಾಚಿ, ಮಣೆಯ ಮೇಲಿದ್ದ ಕಾಯಿಗಳನ್ನೆಲ್ಲ ಒಂದೇ ಸಲಕ್ಕೆ ಸವರಿ ಮಡಿಲಿಗೆ ಹಾಕಿಕೊಂಡರು.

"ಅವ್ರ ನಾಲ್ಕನೇ ಕಾಯಿ ಬಸ್ಸು ನಿಲ್ಲೋಕೆ ಮೊದಲೇ ಹಣ್ಣಾಗಿತ್ತಲ್ಲ ಮಾರಾಯ" ಎಂದರು. "ನಾನು ಸೋತು ಎಷ್ಟು ದಿನ ಆಯ್ತು!"

ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ, ಕಿವಿ ಕೆಂಪಾಯಿತು. ಆಗಿರಲಿಲ್ಲವೆಂದು ಗಜಾನನನಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತು, ಭಟ್ಟರಿಗೆ ಗೊತ್ತು, ಟಾಪಿನ ಮೇಲಿದ್ದವರಿಗೂ ಗೊತ್ತು. ಆದರೂ ಭಟ್ಟರು, "ಹೌದು ಹೌದು, ಆನೇ ನೋಡಿದ್ದಿ" ಎಂದು ಕಣ್ಣಾರೆ ಕಂಡವರಂತೆ ಸಾಕ್ಷಿ ಹೇಳಿದರು. ಡ್ರೈವರ್ ಹಾರ್ನ್ ಹೊಡೆದ.

ಸಂಜೆ ವಾಪಸು ಬಂದ ಅದೇ ಬಸ್ಸಿನಲ್ಲಿ ಗೌಡರು ಹೊರಟರು. ಇಸ್ತ್ರಿ ಪಂಚೆ ಉಟ್ಟು, ಗೆಜ್ಜೆ ಜೇಬಿಗಿಳಿಸಿ, ಸೋತವರ ಮುಖ ಮಾಡಿಕೊಳ್ಳಲು ದಾರಿಯುದ್ದಕ್ಕೂ ಪಾಡು ಪಟ್ಟರು. ಮುಖ ಕೇಳಲಿಲ್ಲ, ತಾನಾಗಿ ನಗುತ್ತಿತ್ತು.

ನಾಗರಾಜಪ್ಪನವರು ಬಾಗಿಲಲ್ಲೇ ಇದ್ದರು. "ಬನ್ನಿ ಬೀಗರೇ, ಬನ್ನಿ" ಎನ್ನುತ್ತ ತಾವೇ ತಂಬಿಗೆ ತಂದು ಕೈಗೆ ಕೊಟ್ಟರು. ಗೆದ್ದ ಜಂಬ ಅವರ ಮುಖದಲ್ಲಿರಲಿಲ್ಲ; ಯಾವುದೋ ಭಾರ ಇಳಿಸಿದವರಂತಿದ್ದರು. ವೇದಾವತಿ ಒಳಗಿನಿಂದ ಓಡಿ ಬಂದಳು, ಅಪ್ಪನನ್ನು ನೋಡಿ ಕಣ್ಣು ತುಂಬಿಕೊಂಡಳು. ಅವಳ ಸೆರಗು ಹಿಡಿದುಕೊಂಡು ಬಂದದ್ದು ಕೂಸು.

"ನೋಡು ಮಗಾ, ಯಾರು ಬಂದ್ರು? ಅಜ್ಜ!"

ಗೌಡರು ಅಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದರು. ಕೂಸು ಅವರನ್ನು ಮೇಲಿಂದ ಕೆಳಗೆ ನೋಡಿತು. ತುಟಿ ಸೊಟ್ಟಗಾಯಿತು. ಆಮೇಲೆ ಮನೆ ಹಾರಿಹೋಗುವಂತೆ ಕಿರುಚಿಕೊಂಡು, "ಅಜ್ಜಾ! ಅಜ್ಜಾ!" ಎಂದು ಅಳುತ್ತ ಓಡಿ ನಾಗರಾಜಪ್ಪನವರ ಕಾಲನ್ನು ತಬ್ಬಿಕೊಂಡಿತು.

ಗೆಜ್ಜೆ ತೋರಿಸಿದರು, ಕೂಸು ಕಣ್ಣು ಮುಚ್ಚಿಕೊಂಡಿತು. ನಕ್ಕರು, ಅಳು ಜೋರಾಯಿತು. ಒಂದು ವರ್ಷ ಎರಡನೇ ಪಂಕ್ತಿಯನ್ನು ನೆನೆನೆನೆದು ಕುದ್ದ ಮನುಷ್ಯನಿಗೆ ಇಲ್ಲಿ ಯಾವ ಪಂಕ್ತಿಯೂ ಇರಲಿಲ್ಲ. ಸೋತೆ ಎಂದು ಬೆಳಿಗ್ಗೆ ಹೇಳಿದ್ದು ಸುಳ್ಳೇ ಅಲ್ಲವೆಂದು ಅವರಿಗೆ ಆಗ ಹೊಳೆಯಿತು. ಮೊಮ್ಮಗಳನ್ನು ಕಾಲಿಗೆ ಕಟ್ಟಿಕೊಂಡು ನಿಂತ ನಾಗರಾಜಪ್ಪನವರು ತಲೆ ತಗ್ಗಿಸಿ, "ತಪ್ಪು ನಂದೂ ಇದೆ ಬೀಗರೇ" ಎಂದರು.

ಹೊರಗೆ ಗಜಾನನ ನಿಂತಿದ್ದ. ಬಸ್ಸಿಗೆ ರಾತ್ರಿ ಇಲ್ಲೇ ಹಾಲ್ಟು.

"ಬೆಳಿಗ್ಗೆ ಹೊರಡ್ತೀರಾ ಗೌಡ್ರೇ? ಮುಂದಿನ ಸೀಟು ಇಡ್ತೀನಿ."

"ಇಲ್ಲ" ಎಂದರು ಗೌಡರು. ಮಂಡಿಯೂರಿದವರು ಎದ್ದಿರಲಿಲ್ಲ. ಕಣ್ಣೆಲ್ಲ ಕೂಸಿನ ಮೇಲೇ ಇತ್ತು. "ಇವಳಾಗಿ ನನ್ನ ಹತ್ರ ಬರೋ ತನಕ ಈ ಹೊಸ್ತಿಲು ದಾಟೋದಿಲ್ಲ."

"ಅದು ಎಷ್ಟು ದಿನ ಆಗ್ತದೋ! ಊರಲ್ಲಿರೋ ಅಮ್ಮನವ್ರಿಗೆ ಎಂತ ಹೇಳ್ಲಿ?"

ಗೌಡರು ಉಟ್ಟ ಪಂಚೆಯ ಕಡೆ ನೋಡಿಕೊಂಡರು.

"ನಾಲ್ಕು ಪಂಚೆ ಕಳಿಸು ಅಂತ ಹೇಳು."