ಯಶ್ಮಿತಾಳ ಹೆಸರು ಎಲ್ಲಿ?

ಕೆಮ್ಮಣ್ಣಿನ ಹೊಳೆಯಲ್ಲಿ ಇಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರು. ಅದರಲ್ಲಿ ಎರಡು ವರ್ಷ ನಿಂತು ಮರುವಾಯಿ ಚಿಪ್ಪು ಹೆಕ್ಕಿ, ಅಳೆದು, ಬರೆದವಳು ಯಶ್ಮಿತಾ. ಚಿಪ್ಪು ಕೊಯ್ದ ಗಾಯ ಅವಳ ಪಾದದಲ್ಲಿ ಇನ್ನೂ ಮಾಸಿಲ್ಲ. ವಿಜ್ಞಾನ ಪತ್ರಿಕೆಗೆ ಪ್ರಬಂಧ ತಯಾರಾದಾಗ ಲೇಖಕರ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ! ನಮ್ಮ ಮುಖ್ಯಸ್ಥ ಮಾಧವ ಸರ್ ಹೆಸರುಂಟು, ಅವರ ಮಗ ವಿನೀತನದ್ದುಂಟು. ಆ ಪುಣ್ಯಾತ್ಮ ಹೊಳೆಯ ದಾರಿಯನ್ನೇ ನೋಡಿದವನಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿತು, ಬೇರೇನು ಹೇಳುವುದು!

ನಾನು ಪ್ಯಾಟ್ರಿಶಿಯಾ. ಮಣಿಪಾಲದ ಆ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಅವಳಂತೆಯೇ ಗುತ್ತಿಗೆ ಸಹಾಯಕಿ. ನಮ್ಮ ಅಳತೆ, ಬರಹ ಎಲ್ಲವೂ ಗಿಟ್ ಎಂಬ ತಂತ್ರಾಂಶದಲ್ಲಿ. ಯಾರು, ಯಾವತ್ತು, ಯಾವ ಸಾಲು ಬರೆದರು ಎಂಬುದು ಹೆಸರು ಸಮೇತ ಅದರಲ್ಲಿ ಉಳಿಯುತ್ತದೆ. ಹೊಳೆಬದಿಯಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ಕೇಂದ್ರದ ಸರ್ವರಿನಿಂದ ಇಡೀ ಕಡತವನ್ನು ಹಳೆಯ ದಾಖಲೆಯೊಂದಿಗೆ ನಮ್ಮ ನಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡೇ ಕೆಲಸ ಮಾಡುವುದು.

"ಹೆಸರಿಲ್ಲದಿದ್ದರೆ ನನಗೆ ಪಿಎಚ್‌ಡಿ ಸೀಟು ಸಿಗುವುದಿಲ್ಲ ಸರ್," ಎಂದಳು ಯಶ್ಮಿತಾ.

"ಚಿಪ್ಪು ಹೆಕ್ಕಿದವರೆಲ್ಲ ವಿಜ್ಞಾನಿಗಳಾ? ನೀನು ಬರೆದದ್ದಕ್ಕೆ ಎಂತ ಸಾಕ್ಷಿ ಉಂಟು?"

"ಗಿಟ್‌ನಲ್ಲಿ ಉಂಟಲ್ವಾ ಸರ್."

ಸರ್ ಮುಖ ಕಪ್ಪಿಟ್ಟಿತು. ಮಧ್ಯಾಹ್ನ ಸರ್ವರ್ ನೋಡಿಕೊಳ್ಳುವ ಲಕ್ಷಿತನನ್ನು ಕರೆದರು. "ಹಳೆಯದ್ದೆಲ್ಲ ಅಳಿಸು. ಎಲ್ಲ ವಿನೀತನೇ ಬರೆದ ಹಾಗೆ ಮಾಡು." ಅವನದ್ದೂ ಗುತ್ತಿಗೆ ಕೆಲಸ, ಮನೆಯಲ್ಲಿ ಬಾಣಂತಿ ಹೆಂಡತಿ. ಅಳಿಸಿದ. ಆಮೇಲೆ ಮೆಟ್ಟಿಲ ಮೇಲೆ ಕುಳಿತು ನನ್ನೆದುರು ಅತ್ತ.

ನನಗೆ ಮೈಯೆಲ್ಲ ಉರಿಯಿತು. "ಅಳುವುದು ಸಾಕು ಮಾರಾಯ! ಹೋದದ್ದು ಸರ್ವರಿನದ್ದು. ನಮ್ಮ ಲ್ಯಾಪ್‌ಟಾಪಿನಲ್ಲಿ ಮೊದಲ ದಿನದಿಂದ ಎಲ್ಲವೂ ಉಂಟಲ್ವಾ? ನಿನ್ನದರಲ್ಲೂ ಉಂಟು."

ಅವನು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದ.

ಮರುದಿನ ಸಭೆ. ಸರ್ ಗೋಡೆಯ ಪರದೆಯಲ್ಲಿ ಸರ್ವರ್ ತೆರೆದು ತೋರಿಸಿದರು. "ನೋಡು, ನಿನ್ನ ಹೆಸರು ಎಲ್ಲುಂಟು?"

ಯಶ್ಮಿತಾ ತನ್ನ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ನಾನು ನನ್ನದಿಟ್ಟೆ. ಎರಡರಲ್ಲೂ ಅದೇ ತಾರೀಕು, ಅದೇ ಸಾಲು, ಅವಳದ್ದೇ ಹೆಸರು. ಸಭೆ ಗುಜುಗುಟ್ಟಿತು.

"ಇಬ್ಬರೂ ಸೇರಿ ಎಂತದೋ ತಿದ್ದಿದ್ದೀರಿ!"

ಹಿಂದಿನ ಸಾಲಿನಿಂದ ಲಕ್ಷಿತ್ ಎದ್ದು ಬಂದ. ಮೂರನೆಯದನ್ನು ಇಟ್ಟ. "ತಿದ್ದಿದ್ದು ನಾನು ಸರ್. ನೀವು ಹೇಳಿದ್ದಕ್ಕೆ."

"ಉಂಡ ಮನೆಗೆ ಎರಡು ಬಗೆಯುತ್ತೀರಾ? ಮೂವರ ಗುತ್ತಿಗೆಯೂ ನನ್ನ ಕೈಯಲ್ಲುಂಟು, ನೆನಪಿರಲಿ!"

ಯಶ್ಮಿತಾ ಒಂದು ಪತ್ರ ತೆರೆದಳು. ಕೆಳಗೆ ನಮ್ಮ ಮೂವರ ಹೆಸರು. ಒಂದು ಗುಂಡಿ ಒತ್ತಿದಳು.

"ಪತ್ರಿಕೆಯ ಸಂಪಾದಕರಿಗೆ ಹೋಯಿತು ಸರ್. ನಿಮಗೂ ಒಂದು ಪ್ರತಿ ಹಾಕಿದ್ದೇನೆ."