ಮೇಯರ್ ಕೈಯಲ್ಲಿ ಏನಿದೆ?

ಸುಂಕದಕಟ್ಟೆಯ ಅಡ್ಡರಸ್ತೆಯೊಂದರಲ್ಲಿ ಚರಂಡಿಯ ಚಪ್ಪಡಿ ಒಡೆದು ಬಹಳ ದಿನವಾಗಿತ್ತು. ಒಂದು ಬೆಳಿಗ್ಗೆ ಸೊಪ್ಪು ತರಲು ಹೊರಟ ಅಣ್ಣಮ್ಮ ಅದರೊಳಕ್ಕೆ ಬಿದ್ದರು. ಕಾಲಿನ ಮೂಳೆ ಮುರಿಯಿತು.

ಗಂಡ ಚಿಕ್ಕಮುನಿಯಪ್ಪ ದೂರು ಕೊಡಲು ಓಡಾಡಿದರು. ಕಾರ್ಪೊರೇಟರನ್ನು ಕೇಳೋಣವೆಂದರೆ, ಪಾಲಿಕೆ ಚುನಾವಣೆಯೇ ನಡೆಯದೆ, ವಾರ್ಡಿಗೆ ಕಾರ್ಪೊರೇಟರ್ ಇಲ್ಲದೆ ವರ್ಷಗಳೇ ಕಳೆದಿದ್ದವು. ಕೊನೆಗೆ ಬೀದಿಯವರೇ ಆ ಜಾಗಕ್ಕೆ ಹಲಗೆ ಹಾಸಿದರು.

ಅಣ್ಣಮ್ಮನನ್ನು ನೋಡಲು ಎದುರುಮನೆಯ ಮಾಲವಿಕಾ ಬಂದಳು. ಅವಳು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಾಳೆ.

"ಪಾಲಿಕೆ ಎಲೆಕ್ಷನ್ ಬರುತ್ತಂತೆ ಅಂಕಲ್" ಎಂದಳು.

"ಬರ್ಲಿ ಬಿಡಮ್ಮ, ನಾನು ಓಟ್ ಹಾಕಲ್ಲ. ಮೇಯರನ್ನ ನಾವೇ ಆರಿಸೋ ಹಾಗಿದ್ರೆ ಹಾಕ್ತಿದ್ದೆ. ಇಲ್ಲಿ ಕಾರ್ಪೊರೇಟರ್‌ಗಳು ಸೇರ್ಕೊಂಡು ಯಾರನ್ನೋ ಕೂರಿಸ್ತಾರೆ."

"ನೀವು ಹೇಳೋದ್ರಲ್ಲೂ ನ್ಯಾಯ ಇದೆ. ನಾವೇ ಆರಿಸಿದ್ರೆ ಮೇಯರ್ ನಮಗೇ ಉತ್ತರ ಕೊಡ್ಬೇಕಾಗುತ್ತೆ. ಅದಕ್ಕೆ ಕಾನೂನು ಬದಲಾಗ್ಬೇಕು. ಆದ್ರೆ ಅಷ್ಟೇ ಸಾಲಲ್ಲ ಅಂಕಲ್. ನೀರು ಜಲಮಂಡಳಿ ಕೈಲಿ, ಬಸ್ಸು ಸಾರಿಗೆ ಸಂಸ್ಥೆ ಕೈಲಿ. ಅಧಿಕಾರ, ಅನುದಾನ ಇಲ್ದೆ ನಾವು ಆರಿಸಿದ ಮೇಯರ್ ತಾನೇ ಏನ್ ಮಾಡ್ತಾರೆ?"

"ಮತ್ತೆ ಓಟ್ ಯಾಕಮ್ಮ?"

"ಚರಂಡಿ, ಫುಟ್‌ಪಾತ್, ಬೀದಿದೀಪ ಪಾಲಿಕೆ ಕೆಲ್ಸಾನೇ ಅಲ್ವಾ? ಅಲ್ಲಿ ನಮ್ಮ ಪರವಾಗಿ ಕೇಳೋರು ಒಬ್ರು ಬೇಡ್ವಾ?"

ಚಿಕ್ಕಮುನಿಯಪ್ಪ ಒಪ್ಪಲಿಲ್ಲ. ಮಂಚದ ಮೇಲಿದ್ದ ಅಣ್ಣಮ್ಮ ಅಂದರು: "ನೀವು ಹಾಕ್ದಿದ್ರೆ ಬಿಡಿ. ನನ್ನನ್ನ ಆಟೋದಲ್ಲಿ ಕರ್ಕೊಂಡ್ ಹೋಗಿ, ನಾನು ಹಾಕ್ತೀನಿ. ಬಿದ್ದವಳು ನಾನು ತಾನೇ?"

ಚಿಕ್ಕಮುನಿಯಪ್ಪ ಹೆಂಡತಿಯ ಕಾಲಿನ ಕೆಳಗೆ ದಿಂಬು ಸರಿಮಾಡಿದರು.

ಕೆಲವು ದಿನಗಳಲ್ಲಿ ಟಿಕೆಟ್ ಆಕಾಂಕ್ಷಿಯೊಬ್ಬ ಬೀದಿಗೆ ಬಂದ. ಮೆಟ್ರೊ ತರಿಸುತ್ತೇನೆ ಎಂದ. ಚಿಕ್ಕಮುನಿಯಪ್ಪ ಗೇಟಿನಾಚೆ ಬಂದು ನಿಂತರು.

"ಮೆಟ್ರೊ ನಿಮ್ಮ ಕೈಲಿಲ್ಲ ಸಾರ್. ಈ ಚರಂಡಿ ಯಾವಾಗ ಮಾಡಿಸ್ತೀರಾ? ನಮ್ಮ ದೂರು ಕೇಳೋಕೆ ವಾರ್ಡ್ ಸಭೆ ಕರೀತೀರಾ? ಮೇಯರನ್ನ ಜನಾನೇ ಆರಿಸ್ಲಿ, ಅಧಿಕಾರಾನೂ ಕೊಡ್ಲಿ ಅಂತ ಪಾಲಿಕೇಲಿ ಕೇಳ್ತೀರಾ?"

ಆತ ಮುಂದಿನ ಮನೆಯತ್ತ ಹೊರಟ. ಅಕ್ಕಪಕ್ಕದ ಮನೆಯವರೂ ಬಂದು ಸುತ್ತ ನಿಂತರು. ವಾರ್ಡ್ ಸಭೆಯ ಮಾತು ಕೊಟ್ಟ ಮೇಲೆಯೇ ಅವನಿಗೆ ದಾರಿ ಬಿಟ್ಟರು.

ಸಂಜೆ ಚಿಕ್ಕಮುನಿಯಪ್ಪ ಎದುರುಮನೆಗೆ ಹೋಗಿ, "ವೋಟರ್ ಲಿಸ್ಟಲ್ಲಿ ನಮ್ಮಿಬ್ರ ಹೆಸರೂ ಇದ್ಯಾ ನೋಡಮ್ಮ" ಎಂದರು.

ನಿಮ್ಮ ಹೆಸರು ಇದೆಯೇ? ಇಂದೇ ನೋಡಿಕೊಳ್ಳಿ. ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ? ಇಲ್ಲದ ಅಧಿಕಾರವನ್ನು ಪಾಲಿಕೆಗೆ ಕೊಡಿಸಲು ಏನು ಮಾಡುತ್ತೀರಿ? ಉತ್ತರ ತೂಗಿ ನೋಡಿ ಓಟು ಹಾಕಿ. ಹಾಕದೆ ಮಾತ್ರ ಮನೆಯಲ್ಲಿ ಕೂರಬೇಡಿ.